ಹೆಪ್ಪಿಗೆ ಎತ್ತಿಟ್ಟದ್ದು



ಕೇಳುತ್ತಿರುವವರಲ್ಲಿ ಎಲೆ ಅಡಿಕೆ ಹಾಕುವವರಿದ್ದರೆ ಒಂದು ನಿಮಿಷ ಸಂಚಿ ಬಿಚ್ಚಿ ನೋಡಿ. ಇವತ್ತಿನ ನನ್ನ ಮಾತು ಅದರೊಳಗಿನ ಸುಣ್ಣದಿಂದಲೇ ಶುರುವಾಗುತ್ತದೆ.

ನಮ್ಮ ಅಜ್ಜಿಯ ಕಾಲದಲ್ಲಿ ಸುಣ್ಣ ಹಿತ್ತಾಳೆಯ ಡಬ್ಬಿಯಲ್ಲಿರುತ್ತಿತ್ತು. ಬೆರಳ ತುದಿಯಲ್ಲಿ ತೆಗೆದು ಎಲೆಯ ಬೆನ್ನಿಗೆ ಸವರುತ್ತಿದ್ದರು. ಈಗ ಪೆಟ್ಟಿಗೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಿಗುತ್ತದೆ, ಪುಟ್ಟ ಟ್ಯೂಬಿನಲ್ಲೂ ಸಿಗುತ್ತದೆ. ಮಕ್ಕಳಿಗೆ ಅದೊಂದು ಆಟದ ಸಾಮಾನು. ಒತ್ತಿದರೆ ಉಬ್ಬುತ್ತದೆ, ಇನ್ನಷ್ಟು ಒತ್ತಿದರೆ ಪಟ್ಟೆಂದು ಒಡೆಯುತ್ತದೆ. ಒಡೆಯುವ ಆ ಗಳಿಗೆಯಲ್ಲಿ ಮಗು ಅದನ್ನೇ ನೋಡುತ್ತಿರುತ್ತದೆ, ಗೇಣು ದೂರದಿಂದ.

ಕೆಲವು ವರ್ಷಗಳ ಹಿಂದೆ ನೆಂಟರ ಮದುವೆಯೊಂದರಲ್ಲಿ ನನ್ನ ಕಣ್ಣೆದುರೇ ಹೀಗಾಯಿತು. ಊಟ ಮುಗಿದು ತಾಂಬೂಲದ ತಟ್ಟೆ ಹೊರಗೆ ಬಂದಿತ್ತು. ಆರೇಳು ವರ್ಷದ ಹುಡುಗನೊಬ್ಬ ಸುಣ್ಣದ ಟ್ಯೂಬು ಎತ್ತಿಕೊಂಡು ಕಂಬದ ಮರೆಗೆ ಹೋದ. ಚೀತ್ಕಾರ ಕೇಳಿ ನಾವು ಓಡುವಷ್ಟರಲ್ಲಿ ಎಡಗಣ್ಣಿನ ತುಂಬ ಬಿಳಿ. ಸುತ್ತ ಸೇರಿದವರ ಬಾಯಲ್ಲಿ ತಲೆಗೊಂದು ವೈದ್ಯ. “ತುಪ್ಪ ಹಾಕ್ರೇ, ತಂಪಾಗುತ್ತೆ.” “ಎದೆಹಾಲು ಹಿಂಡಿದ್ರೆ ಸರಿಹೋಗುತ್ತಂತೆ.” ಪಾತ್ರೆ ತೊಳೆಯಲು ಬಂದಿದ್ದ ಒಬ್ಬ ಹೆಂಗಸು ಯಾರ ಮಾತಿಗೂ ಕಾಯಲಿಲ್ಲ. ಹುಡುಗನನ್ನು ಕಂಕುಳಲ್ಲಿ ಅಡ್ಡ ಹಿಡಿದು, ಕೈ ತೊಳೆಯುವ ನಲ್ಲಿಯ ಕೆಳಗೆ ತಲೆ ಒಡ್ಡಿಸಿ, ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ ಹಿಡಿದುಕೊಂಡರು. “ಅಳು ಮಗಾ, ಚೆನ್ನಾಗಿ ಅಳು” ಎನ್ನುತ್ತಾ ಇಪ್ಪತ್ತು ನಿಮಿಷ ನೀರು ಬಿಟ್ಟರು. ಅವರ ಸೀರೆಯೆಲ್ಲ ತೊಯ್ದು ಹೋಗಿತ್ತು. ಆಮೇಲೆ ಕಣ್ಣಿನ ಡಾಕ್ಟರು ನೋಡಿ ಕೇಳಿದ ಮೊದಲ ಪ್ರಶ್ನೆ: “ನೀರು ಹಾಕಿದವರು ಯಾರು? ಕಣ್ಣು ಉಳಿಸಿದ್ದು ಅವರೇ, ನನಗೇನೂ ಕೆಲಸ ಉಳಿದಿಲ್ಲ.”

ಇವತ್ತಿನ ಮಾತಿನಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ. ಸುಣ್ಣ ಕಣ್ಣಿಗೆ ಬಿದ್ದರೆ ನೀರು, ನೀರು, ಇನ್ನಷ್ಟು ನೀರು, ಆಮೇಲೆ ಆಸ್ಪತ್ರೆ. ಉಜ್ಜಬಾರದು, ತುಪ್ಪ ಹಾಕಬಾರದು. ಸುಣ್ಣ ಕ್ಷಾರ. ಆಮ್ಲ ಬಿದ್ದರೆ ಮೇಲ್ಪದರದ ಪ್ರೊಟೀನು ಗಟ್ಟಿಯಾಗಿ ತಾನೇ ಒಂದು ಅಡ್ಡಗೋಡೆ ಕಟ್ಟಿಕೊಳ್ಳುವುದುಂಟು. ಕ್ಷಾರಕ್ಕೆ ಅಂಥ ತಡೆಯಿಲ್ಲ. ಜೀವಕೋಶದ ಹೊರಪೊರೆಯಲ್ಲಿರುವ ಕೊಬ್ಬನ್ನೇ ಸಾಬೂನಾಗಿಸುತ್ತಾ ಒಳಕ್ಕೆ ಇಳಿಯುತ್ತಾ ಹೋಗುತ್ತದೆ. ರೆಪ್ಪೆಯ ಅಡಿಯಲ್ಲಿ ಒಂದು ಹರಳು ಉಳಿದರೂ ಗಂಟೆಗಟ್ಟಲೆ ಸುಡುತ್ತಲೇ ಇರುತ್ತದೆ.

ನಲ್ಲಿ ಸಿಗದ ಕಣ್ಣುಗಳ ಗತಿ ಏನು? “ಕಣ್ಣಿಗೆ ಹೂ ಬಿದ್ದಿದೆ” ಎನ್ನುತ್ತಾರಲ್ಲ, ಹಾಗಾಗುತ್ತದೆ. ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ಬೆಳ್ಳಗೆ ಮಸುಕಾಗುತ್ತದೆ. ಅದಕ್ಕೇನು, ನೇತ್ರದಾನದಲ್ಲಿ ಬಂದ ಹೊಸ ಕಾರ್ನಿಯಾ ಹಾಕಿದರಾಯಿತು ಎಂದು ನೀವು ಹೇಳಬಹುದು. ವೈದ್ಯರೂ ಹಾಗೇ ಅಂದುಕೊಂಡಿದ್ದರು. ಹಾಕಿ ನೋಡಿದರು. ಸುಣ್ಣದಲ್ಲಿ, ಆಸಿಡ್‌ನಲ್ಲಿ ಸುಟ್ಟ ಕಣ್ಣುಗಳಿಗೆ ಹಾಕಿದ ಹೊಸ ಕಾರ್ನಿಯಾ ಕೆಲವು ದಿನ ಥಳಥಳ ಅನ್ನುತ್ತಿತ್ತು, ಆಮೇಲೆ ಅದೂ ಮಸುಕಾಗುತ್ತಿತ್ತು. ಬಿಳಿಗುಡ್ಡೆಯ ಕಡೆಯಿಂದ ಕೆಂಪು ರಕ್ತನಾಳಗಳು ಕಳೆ ನುಗ್ಗಿದಂತೆ ಅದರ ಮೇಲೂ ನುಗ್ಗುತ್ತಿದ್ದವು.

ಏಕೆ ಹೀಗಾಗುತ್ತದೆ? ಉತ್ತರ ನಮ್ಮ ಅಡುಗೆ ಮನೆಯಲ್ಲಿದೆ.

ರಾತ್ರಿ ಊಟ ಮುಗಿದ ಮೇಲೆ ಮನೆಯ ಹೆಂಗಸರು ಒಂದು ಕೆಲಸ ಮರೆಯುವುದಿಲ್ಲ. ಎಲ್ಲರೂ ಮೊಸರು ಸುರಿದುಕೊಂಡು ಉಂಡರೂ ತಳದಲ್ಲಿ ಒಂದು ಚಮಚ ಉಳಿಸಿ, ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿಡುತ್ತಾರೆ. ಬೆಳಿಗ್ಗೆ ಪಾತ್ರೆ ತುಂಬ ಮೊಸರು. ಅದನ್ನು ಉಣ್ಣಿ, ಆದರೆ ಮತ್ತೆ ಒಂದು ಚಮಚ ಎತ್ತಿಡಿ. ಆ ಒಂದು ಚಮಚವನ್ನೂ ಆಸೆಪಟ್ಟು ತಿಂದುಬಿಟ್ಟಿರೋ, ನಾಳೆ ಹಾಲು ಹಾಲಾಗಿಯೇ ಉಳಿಯುತ್ತದೆ. ನಮ್ಮ ಮೈಯಲ್ಲೂ ಹೀಗೆ ಹೆಪ್ಪಿಗೆಂದು ಎತ್ತಿಟ್ಟ ಕೋಶಗಳಿವೆ. ಒಂದು ಕೋಶ ಎರಡಾಗುತ್ತದೆ. ಒಂದು ಕೆಲಸಕ್ಕೆ ಹೋಗುತ್ತದೆ, ಇನ್ನೊಂದು ಹೆಪ್ಪಾಗಿ ಹಿಂದೆ ಉಳಿಯುತ್ತದೆ. ಸ್ಟೆಮ್ ಸೆಲ್ ಅಂದರೆ ಇವೇ. ಪತ್ರಿಕೆಗಳಲ್ಲಿ ಕಾಂಡಕೋಶ ಎಂದೂ ಬರೆಯುತ್ತಾರೆ, ಆಕರಕೋಶ ಎಂದೂ ಬರೆಯುತ್ತಾರೆ. ಕಾಂಡ ಎಂಬ ಮಾತು ನನಗೆ ಅಷ್ಟಾಗಿ ಹಿಡಿಸದು. ಕೇಳಿದವರಿಗೆ ಬಾಳೆಗಿಡ ನೆನಪಾಗುತ್ತದೆ. ಆಕರ ಎಂದರೆ ಕೊಂಚ ಹತ್ತಿರ. ಮನೆಮಾತಿನಲ್ಲಿ ಹೆಪ್ಪುಕೋಶ ಎಂದುಬಿಟ್ಟರೆ ನಮ್ಮ ತಾಯಂದಿರಿಗೆ ಪಾಠವೇ ಬೇಡ.

ಕಾರ್ನಿಯಾದ ಮೇಲ್ಪದರ ದಿನವೂ ಸವೆಯುತ್ತದೆ. ರೆಪ್ಪೆ ಬಡಿದಷ್ಟೂ ಕೋಶಗಳು ಉದುರುತ್ತವೆ. ಸುಮಾರು ಒಂದು ವಾರ, ಹತ್ತು ದಿನಗಳಲ್ಲಿ ಇಡೀ ಪದರವೇ ಹೊಸದಾಗುತ್ತದೆ. ಆ ಹೊಸ ಕೋಶಗಳು ಬರುವುದು ನಡುವಿನಿಂದಲ್ಲ, ಅಂಚಿನಿಂದ. ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ. ಕರಿಗುಡ್ಡೆ ಮುಗಿದು ಬಿಳಿಗುಡ್ಡೆ ಶುರುವಾಗುವಲ್ಲಿ ಒಂದು ತೆಳು ಉಂಗುರವಿದೆ, ಅದಕ್ಕೆ ಲಿಂಬಸ್ ಎಂದು ಹೆಸರು. ಹೆಪ್ಪು ಇರುವುದು ಅಲ್ಲಿ. 1971ರಲ್ಲಿ ಡವಾಂಗರ್ ಮತ್ತು ಎವೆನ್ಸನ್ ಎಂಬ ಇಬ್ಬರು ಗಿನಿಪಿಗ್‌ಗಳ ಕಣ್ಣನ್ನು ದಿನಗಟ್ಟಲೆ ನೋಡಿ, ಅಂಚಿನಲ್ಲಿದ್ದ ಕಪ್ಪು ಬಣ್ಣದ ಗೆರೆಗಳು ನಡುವಿನ ಕಡೆಗೆ ಮೆಲ್ಲನೆ ತೆವಳುವುದನ್ನು ಗುರುತಿಸಿದರು. ಡವಾಂಗರ್ ಅಂದಕೂಡಲೇ ನಮ್ಮ ದಾವಣಗೆರೆಯವರೇನೋ ಅನ್ನಿಸುತ್ತದೆ. ಅಲ್ಲ, ನಾರ್ವೆಯವರು. ಅಂಚಿನ ಕೋಶಗಳೇ ಮೂಲ ಎಂಬ ಅವರ ಊಹೆಗೆ 1989ರಲ್ಲಿ ಅಮೆರಿಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಿಂದ ಗಟ್ಟಿ ಆಧಾರ ಸಿಕ್ಕಿತು.

ಈಗ ಒಗಟು ಬಿಡಿಸಿಕೊಳ್ಳಿ. ಸುಣ್ಣ ಸುಟ್ಟದ್ದು ಹಾಲನ್ನಲ್ಲ, ಹೆಪ್ಪನ್ನು. ದಾನಿಯ ಕಾರ್ನಿಯಾ ಎಂದರೆ ನಡುವಿನಿಂದ ಕತ್ತರಿಸಿದ ಒಂದು ದುಂಡನೆಯ ಬಿಲ್ಲೆ. ಹೊಸ ಹಾಲು ಸುರಿದ ಹಾಗೆ. ಹೆಪ್ಪೇ ಇಲ್ಲದ ಪಾತ್ರೆಗೆ ಎಷ್ಟು ಹಾಲು ಸುರಿದರೇನು?

ಹಾಗಾದರೆ ಒಳ್ಳೆಯ ಕಣ್ಣಿನ ಅಂಚಿನಿಂದ ಚೂರು ಹೆಪ್ಪು ತೆಗೆದು ಸುಟ್ಟ ಕಣ್ಣಿಗೆ ಹಾಕಬಹುದಲ್ಲ? ಹಾಕಬಹುದು. ಆದರೆ ದೊಡ್ಡ ಚೂರು ತೆಗೆದರೆ ಒಳ್ಳೆಯ ಕಣ್ಣಿಗೂ ಕುತ್ತು. ಇರುವುದು ಅದೊಂದೇ ಕಣ್ಣು. ಚಿಕ್ಕ ಚೂರು ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿ ಹಾಕುವ ದಾರಿಯನ್ನು 1997ರಲ್ಲಿ ಇಟಲಿಯ ಗ್ರಾಜಿಯೆಲ್ಲಾ ಪೆಲ್ಲೆಗ್ರಿನಿ, ಮಿಕೇಲೆ ದೆ ಲೂಕಾ ಮತ್ತು ಸಂಗಡಿಗರು ಇಬ್ಬರು ರೋಗಿಗಳಲ್ಲಿ ಮಾಡಿ ತೋರಿಸಿದರು. ಅದೇ ಕೆಲಸ ಬೆಳೆದು 2015ರಲ್ಲಿ ಹೊಲೊಕ್ಲಾರ್ ಎಂಬ ಹೆಸರಿನಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆದ ಮೊದಲ ಸ್ಟೆಮ್ ಸೆಲ್ ಔಷಧವಾಯಿತು. ರೋಗಿಯ ಕಣ್ಣಿನ ತುಣುಕು ಇಟಲಿಯ ಮೊಡೇನಾ ಊರಿಗೆ ಹೋಗಿ, ಅಲ್ಲಿ ಬೆಳೆದು ಹಾಳೆಯಾಗಿ ಹಿಂದಿರುಗಬೇಕು. 2017ರಲ್ಲಿ ಬ್ರಿಟನ್ನಿನಲ್ಲಿ ಅದರ ಪಟ್ಟಿ ಬೆಲೆ ಒಂದು ಕಣ್ಣಿಗೆ 80 ಸಾವಿರ ಪೌಂಡು ಇತ್ತು.

ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯವರ ಮುಂದೆಯೂ ಇದೇ ಸಮಸ್ಯೆ ಇತ್ತು, ಆದರೆ ಬೇರೆ ಬಗೆಯಲ್ಲಿತ್ತು. ಅವರ ಬಾಗಿಲಿಗೆ ಬರುತ್ತಿದ್ದವರಲ್ಲಿ ಸುಣ್ಣ ಬಿದ್ದ ಮಕ್ಕಳಿದ್ದರು, ಕಾರ್ಖಾನೆಯಲ್ಲಿ ರಾಸಾಯನಿಕ ಸಿಡಿದ ಕೂಲಿಗಳಿದ್ದರು, ಆಸಿಡ್ ದಾಳಿಗೆ ಸಿಕ್ಕ ಹೆಣ್ಣುಮಕ್ಕಳಿದ್ದರು. ಲಾಭಕ್ಕಾಗಿ ನಡೆಸದ ಸಂಸ್ಥೆ ಅದು. ಅದರ ಸ್ಟೆಮ್ ಸೆಲ್ ಕೆಲಸದಲ್ಲಿ ದಾನಿಗಳ ಹಣವೂ ಇದೆ, ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಹಣವೂ ಇದೆ. 2001ರಿಂದ ಡಾಕ್ಟರ್ ವೀರೇಂದ್ರ ಸಂಗ್ವಾನ್, ಡಾಕ್ಟರ್ ಗೀತಾ ವೇಮುಗಂಟಿ ಮತ್ತು ಸಂಗಡಿಗರು ರೋಗಿಯ ಒಳ್ಳೆಯ ಕಣ್ಣಿನಿಂದ ಚೂರು ತೆಗೆದು ಬೆಳೆಸತೊಡಗಿದರು. ಬೆಳೆಸಲು ಹಾಸಿಗೆ ಬೇಕಲ್ಲ? ಅದಕ್ಕೆ ಸಿಕ್ಕಿದ್ದು ಹೆರಿಗೆಯ ಮಾಸಿನ ಜೊತೆ ಬರುವ, ಹೊಟ್ಟೆಯಲ್ಲಿ ಮಗುವನ್ನು ಸುತ್ತಿಕೊಂಡಿರುವ ನೀರುಚೀಲದ ಪೊರೆ. ನಮ್ಮಲ್ಲಿ ಹಿತ್ತಿಲ ಮೂಲೆಯಲ್ಲಿ ಹೂಳುವ ವಸ್ತು ಅದು. ಸಿಸೇರಿಯನ್ ಆದ ತಾಯಂದಿರಿಂದ ಕೇಳಿ ಪಡೆದು, ಶುದ್ಧ ಮಾಡಿ, ಅದರ ಮೇಲೆ ಕೋಶ ಬೆಳೆಸಿದರು. ಬೇರೆ ಕಡೆ ಕೋಶಗಳ ಆಹಾರಕ್ಕೆ ಕರುವಿನ ರಕ್ತದ ಸೀರಂ ಬಳಸುತ್ತಿದ್ದರೆ, ಇವರು ರೋಗಿಯ ಸೀರಂ ಅನ್ನೇ ಬಳಸಿದರು.

2011ರಲ್ಲಿ ಹತ್ತು ವರ್ಷದ ಫಲಿತಾಂಶ ಪ್ರಕಟಿಸಿದರು. 200 ಕಣ್ಣುಗಳು, ನೂರಕ್ಕೆ 71ರಲ್ಲಿ ಮೇಲ್ಪದರ ನಿಂತಿತ್ತು. ಕೇಳುಗರು ಇಲ್ಲಿ 71ನ್ನು ಮಾತ್ರ ಹಿಡಿದುಕೊಳ್ಳಬಾರದು ಎಂದು ನನ್ನ ವಿನಂತಿ. ಉಳಿದ 29ನ್ನೂ ಅವರು ಅಚ್ಚುಹಾಕಿಸಿದರು. ಅಂಗಡಿ ನಡೆಸುವವನಿಗೆ ಆ 29 ಮುಚ್ಚಿಡಬೇಕಾದ ಸಂಖ್ಯೆ. ಸಾರ್ವಜನಿಕರ ಹಣ ಪಡೆದು ಸಂಶೋಧನೆ ಮಾಡುವವನಿಗೆ ಮುಂದಿನ ಕೆಲಸದ ಪಟ್ಟಿಯೇ ಅದು.

ಮುಂದಿನ ಕೆಲಸ ಏನಾಯಿತು ಎನ್ನುವುದು ನನಗೆ ತುಂಬ ಇಷ್ಟವಾದ ಭಾಗ. ಕೋಶ ಬೆಳೆಸಲು ಶುದ್ಧಗಾಳಿಯ ಕೋಣೆ ಬೇಕು, ಕಾವುಪೆಟ್ಟಿಗೆ ಬೇಕು, ತರಬೇತಿಯಾದ ಜನ ಬೇಕು, ಎರಡು ವಾರ ಬೇಕು. ಇಷ್ಟೆಲ್ಲ ಇರುವ ಆಸ್ಪತ್ರೆ ನಮ್ಮ ದೇಶದಲ್ಲಿ ಎಷ್ಟಿವೆ? ಸಂಗ್ವಾನ್, ಸಯನ್ ಬಸು, ವಿಜ್ಞಾನಿ ಡಿ. ಬಾಲಸುಬ್ರಮಣಿಯನ್, ಇಂಗ್ಲೆಂಡಿನ ಶೆಫೀಲ್ಡ್‌ನ ಶೀಲಾ ಮ್ಯಾಕ್‌ನೀಲ್ ಸೇರಿ ಬೇರೆ ದಾರಿ ಹಿಡಿದರು. ಪ್ರಯೋಗಾಲಯದಲ್ಲಿ ಬೆಳೆಯುವುದು ಕಣ್ಣಿನ ಮೇಲೆಯೇ ಬೆಳೆಯಲಿ. ಒಳ್ಳೆಯ ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರು ಉದ್ದ, ಎರಡು ಮಿಲಿಮೀಟರು ಅಗಲದ ಚೂರು ತೆಗೆಯುವುದು. ರಾಗಿಕಾಳಿಗಿಂತ ತುಸು ದೊಡ್ಡದು, ಅಷ್ಟೇ. ಅದನ್ನು ಸಣ್ಣ ಕತ್ತರಿಯಲ್ಲಿ ಎಂಟು ಹತ್ತು ತುಣುಕು ಮಾಡುವುದು. ಸುಟ್ಟ ಕಣ್ಣಿನ ಮೇಲಿನ ಕಳೆ ಕೆರೆದು ತೆಗೆದು, ಅದೇ ನೀರುಚೀಲದ ಪೊರೆ ಹಾಸಿ, ತುಣುಕುಗಳನ್ನು ದೂರದೂರಕ್ಕೆ ಇಟ್ಟು, ರಕ್ತದ ಪ್ರೊಟೀನಿನಿಂದ ಮಾಡಿದ ಅಂಟಿನಿಂದ ಕೂರಿಸುವುದು. ಮೇಲೊಂದು ಕಾಂಟಾಕ್ಟ್ ಲೆನ್ಸ್ ಮುಚ್ಚುವುದು.

ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕಬ್ಬಿನ ಬಿತ್ತನೆಗೆ ಇಡೀ ಜಲ್ಲೆ ಹೂಳುವುದಿಲ್ಲ. ಎರಡು ಕಣ್ಣಿನದೋ ಮೂರು ಕಣ್ಣಿನದೋ ತುಂಡು ಕತ್ತರಿಸಿ ಸಾಲಿನಲ್ಲಿ ಇಡುತ್ತಾರೆ. ಪ್ರತಿ ಕಣ್ಣೂ ಒಡೆದು ಗದ್ದೆ ತುಂಬುತ್ತದೆ. ಇಲ್ಲಿ ಗದ್ದೆಯೂ ಕಣ್ಣೇ, ಬಿತ್ತನೆಯೂ ಕಣ್ಣೇ.

ಮೊದಲು ಆರು ಜನರಿಗೆ ಹೀಗೆ ಮಾಡಿದರು. ಆರು ವಾರದೊಳಗೆ ಆರೂ ಕಣ್ಣುಗಳ ಮೇಲೆ ಹೊಸ ಪದರ ಹಬ್ಬಿತ್ತು. 2012ರಲ್ಲಿ ಅದು ಪ್ರಕಟವಾಯಿತು. 2016ರ ಹೊತ್ತಿಗೆ 125 ರೋಗಿಗಳ ಲೆಕ್ಕ ಬಂತು, ಅದರಲ್ಲಿ 60 ಮಂದಿ ಮಕ್ಕಳು. ನೂರಕ್ಕೆ 76ರಷ್ಟು ಯಶಸ್ಸು. ಶುದ್ಧಗಾಳಿಯ ಕೋಣೆಯಿಲ್ಲ, ಎರಡು ವಾರ ಕಾಯುವುದಿಲ್ಲ, ಮೊಡೇನಾಕ್ಕೆ ವಿಮಾನವಿಲ್ಲ. ಇಟಲಿಯವರನ್ನು ನಾನು ಹಳಿಯುತ್ತಿಲ್ಲ. ಮೊದಲ ಹೆಜ್ಜೆ ಅವರದೇ. ಆದರೆ ಒಂದು ಮಾತು ಯೋಚಿಸಿ. ದುಬಾರಿ ವಿದ್ಯೆಯನ್ನು ಅಗ್ಗ ಮಾಡುವ ಸಂಶೋಧನೆಗೆ ಯಾವ ಕಂಪನಿ ದುಡ್ಡು ಹಾಕೀತು? ಕತ್ತರಿಯಲ್ಲಿ ಹತ್ತು ತುಣುಕು ಮಾಡುವುದನ್ನು ಡಬ್ಬಿಗೆ ತುಂಬಿ ಮಾರುವುದು ಹೇಗೆ? ಇಂಥ ಪ್ರಶ್ನೆ ಕೇಳುವವರಿಗೆ ಸಂಬಳ ಕೊಡುವವರು ನಾವೇ ಆಗಬೇಕು, ಅಂದರೆ ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವ ಜನ.

ಎರಡೂ ಕಣ್ಣು ಸುಟ್ಟವರ ಕಥೆ ಬೇರೆ. ಅವರಿಗೆ ಸ್ವಂತ ಹೆಪ್ಪೇ ಇಲ್ಲ. ಅಲ್ಲಿಗೆ ಬರುತ್ತವೆ ಐಪಿಎಸ್ ಕೋಶಗಳು. ಪೊಲೀಸ್ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ! 2006ರಲ್ಲಿ ಜಪಾನಿನ ಕ್ಯೋಟೊದಲ್ಲಿ ಶಿನ್ಯಾ ಯಮನಾಕಾ ಇಲಿಯ ಮಾಮೂಲಿ ಚರ್ಮದ ಕೋಶಗಳಿಗೆ ನಾಲ್ಕು ಜೀನ್ ಸೇರಿಸಿ, ಅವನ್ನು ಭ್ರೂಣದ ಕಾಲದ ಸ್ಥಿತಿಗೆ ಹಿಂದಕ್ಕೆ ಕರೆದೊಯ್ದರು. ಮೊಸರನ್ನು ಮತ್ತೆ ಹಾಲು ಮಾಡಿದ ಹಾಗೆ. ಗಾದೆಗಳೆಲ್ಲ ಆಗದು ಎನ್ನುವ ಕೆಲಸ ಅದು. 2012ರಲ್ಲಿ ಯಮನಾಕಾ ಅವರಿಗೆ ಜಾನ್ ಗರ್ಡನ್ ಜೊತೆ ನೊಬೆಲ್ ಬಂತು. ಅಂಥ ಕೋಶಗಳಿಂದ ಕಾರ್ನಿಯಾದ ಪದರ ಬೆಳೆಸಿ ಒಸಾಕಾದ ಕೋಜಿ ನಿಶಿದಾ ತಂಡ ನಾಲ್ವರಿಗೆ ಹಾಕಿ ನೋಡಿದೆ. ನಾಲ್ವರು ಮಾತ್ರ. ಅದು ದೊಡ್ಡ ಕಥೆ, ಇನ್ನೊಂದು ದಿನಕ್ಕಿರಲಿ.

ಹೆಪ್ಪು ಎನ್ನುವುದು ನಿಜವಾಗಿಯೂ ಇದೆ ಎಂದು ಎಣಿಸಿ ತೋರಿಸಿದವರ ಹೆಸರು ಹೇಳದೆ ಮಾತು ಮುಂದೆ ಹೋಗಬಾರದು. ಅದು ನಡೆದದ್ದು ಕೆನಡಾದ ಟೊರಾಂಟೊದಲ್ಲಿ. ಕಾಲ ಅಣುಬಾಂಬಿನ ಭಯದ್ದು. ಹಿರೋಶಿಮಾದಲ್ಲಿ ಬೆಂಕಿಗೆ ಸಿಗದೆ ಬದುಕಿದವರೂ ಕೆಲವು ವಾರಗಳಲ್ಲಿ ರಕ್ತ ಬತ್ತಿ ಸತ್ತದ್ದನ್ನು ಜಗತ್ತು ನೋಡಿತ್ತು. ವಿಕಿರಣ ಮೂಳೆಯೊಳಗಿನ ಮಜ್ಜೆಗೆ ಏನು ಮಾಡುತ್ತದೆ? ಕ್ಯಾನ್ಸರಿಗೆ ವಿಕಿರಣ ಕೊಡುವಾಗ ಎಷ್ಟು ಕೊಡಬಹುದು? 1958ರಲ್ಲಿ ತೆರೆದ ಒಂಟಾರಿಯೊ ಕ್ಯಾನ್ಸರ್ ಸಂಸ್ಥೆಯಲ್ಲಿ ಇಬ್ಬರನ್ನು ಈ ಕೆಲಸಕ್ಕೆ ಹಚ್ಚಿದರು. ಅರ್ನೆಸ್ಟ್ ಮೆಕಲಕ್ ಪಟ್ಟಣದ ಡಾಕ್ಟರು. ಜೇಮ್ಸ್ ಟಿಲ್ ರೈತರ ಮನೆಯ ಹುಡುಗ, ಭೌತವಿಜ್ಞಾನ ಓದಿದವರು. ಇಲಿಗಳಿಗೆ ಸಾಯುವಷ್ಟು ವಿಕಿರಣ ಕೊಟ್ಟು, ಬೇರೆ ಇಲಿಯ ಮಜ್ಜೆಯನ್ನು ಬಾಲದ ರಕ್ತನಾಳಕ್ಕೆ ಚುಚ್ಚಿ, ಎಷ್ಟು ಕೋಶ ಕೊಟ್ಟರೆ ಇಲಿ ಬದುಕುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು.

ಒಂದು ಭಾನುವಾರ ಮೆಕಲಕ್ ಒಬ್ಬರೇ ಪ್ರಯೋಗಾಲಯಕ್ಕೆ ಹೋದರು. ಮಜ್ಜೆ ಚುಚ್ಚಿ ಹತ್ತು ದಿನವಾಗಿದ್ದ ಇಲಿಗಳನ್ನು ಕೊಯ್ದು ನೋಡಿದರೆ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳು. ಬೇರೆಯವರಾಗಿದ್ದರೆ ಸೋಂಕೋ ಏನೋ ಎಂದು ಬಿಸಾಡುತ್ತಿದ್ದರು. ಮೆಕಲಕ್ ಎಣಿಸಿದರು. ಹೆಚ್ಚು ಮಜ್ಜೆ ಕೊಟ್ಟ ಇಲಿಯಲ್ಲಿ ಹೆಚ್ಚು ಗಂಟು, ಕಡಿಮೆ ಕೊಟ್ಟದ್ದರಲ್ಲಿ ಕಡಿಮೆ. ಕಾಗದದ ಮೇಲೆ ಗೆರೆ ಎಳೆದರೆ ನೇರ ಗೆರೆ. ಸೋಮವಾರ ಆ ಕಾಗದ ಟಿಲ್ ಮೇಜಿನ ಮೇಲಿತ್ತು. ಸುಮಾರು ಹತ್ತು ಸಾವಿರ ಮಜ್ಜೆಕೋಶಕ್ಕೆ ಒಂದು ಗಂಟು. ಅಂದರೆ ಹತ್ತು ಸಾವಿರದಲ್ಲಿ ಯಾವುದೋ ಒಂದು ಮಾತ್ರ ತಾನೊಂದೇ ಬೆಳೆದು ಸಂಸಾರ ಕಟ್ಟುತ್ತಿದೆ. 1961ರಲ್ಲಿ ವಿಕಿರಣ ಸಂಶೋಧನೆಯ ಪತ್ರಿಕೆಯೊಂದರಲ್ಲಿ ಬರೆದರು. ಎರಡು ವರ್ಷದ ನಂತರ ವಿದ್ಯಾರ್ಥಿ ಆಂಡಿ ಬೆಕರ್ ಜೊತೆ, ಒಂದು ಗಂಟಿನ ಕೋಶಗಳೆಲ್ಲ ಒಂದೇ ತಾಯಿಕೋಶದ ಮಕ್ಕಳು ಎಂದು ಸಾಬೀತು ಮಾಡಿದರು. ಮೊದಲ ಬರಹದಲ್ಲಿ ಹೆಪ್ಪು ಎಂಬರ್ಥದ ದೊಡ್ಡ ಹೆಸರನ್ನು ಅವಸರದಲ್ಲಿ ಇಟ್ಟುಬಿಡಲಿಲ್ಲ. ಕಂಡದ್ದು ಗಂಟು, ಎಣಿಸಿದ್ದು ಗಂಟು. 2005ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು, ನೊಬೆಲ್ ಬರಲಿಲ್ಲ. ನನಗೆ ಇವತ್ತಿಗೂ ಅದೊಂದು ಕೊರಗು.

ಮನೆಯ ಹೆಪ್ಪು ಕೆಟ್ಟರೆ ಏನು ಮಾಡುತ್ತೇವೆ? ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತೇವೆ, “ಅಕ್ಕಾ, ಒಂಚೂರು ಹೆಪ್ಪು ಕೊಡಿ” ಎಂದು. ಮಜ್ಜೆ ಕಸಿಯೂ ಅದೇ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ ಮೊದಲಾದ ಕಾಯಿಲೆಗಳಲ್ಲಿ ರೋಗಿಯ ಕೆಟ್ಟ ಹೆಪ್ಪನ್ನು ಔಷಧದಿಂದ ತೊಳೆದು, ಹೊಂದಿಕೆಯಾಗುವ ಅಣ್ಣನದೋ ತಂಗಿಯದೋ ಹೆಪ್ಪು ಹಾಕುವುದು. ನಮ್ಮ ದೇಶದಲ್ಲಿ ಇದನ್ನು ಮೊದಲು ಮಾಡಿದ್ದು 1983ರಲ್ಲಿ, ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಆ ಆಸ್ಪತ್ರೆ ಇರುವುದು ಕೇಂದ್ರದ ಅಣುಶಕ್ತಿ ಇಲಾಖೆಯ ಕೆಳಗೆ. ಬಾಂಬಿನ ಭಯದಿಂದ ಶುರುವಾದ ಲೆಕ್ಕ ಸುತ್ತಿ ಬಳಸಿ ಅಣುಶಕ್ತಿಯವರ ಆಸ್ಪತ್ರೆಗೇ ಬಂದದ್ದನ್ನು ನೋಡಿ. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ಕಸಿ ಆರಂಭವಾಯಿತು.

ವೆಲ್ಲೂರು ಅಂದರೆ ನಮಗೆ ಹೊರನಾಡಲ್ಲ. ಕಾಟ್ಪಾಡಿ ಸ್ಟೇಷನ್ನಿನಲ್ಲಿ ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದು ಇಳಿಯುವವರಲ್ಲಿ ಕನ್ನಡ ಮಾತಾಡುವವರು ಯಾವಾಗಲೂ ಇರುತ್ತಾರೆ. ಆ ಕಾಲೇಜಿನ ಆವರಣದಲ್ಲಿ ಸ್ಟೆಮ್ ಸೆಲ್ ಸಂಶೋಧನಾ ಕೇಂದ್ರವೊಂದಿದೆ. ಅದು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗ. ಇನ್‌ಸ್ಟೆಮ್ ಇರುವುದು ಬಳ್ಳಾರಿ ರಸ್ತೆಯಲ್ಲಿ, ಜಿಕೆವಿಕೆ ಆವರಣದಲ್ಲಿ. ಎರಡಕ್ಕೂ ಹಣ ಜೈವಿಕ ತಂತ್ರಜ್ಞಾನ ಇಲಾಖೆಯದು. ಹಿಮೊಫೀಲಿಯಾ ಎಂಬ ಕಾಯಿಲೆ ನಿಮಗೆ ಗೊತ್ತಿರಬಹುದು, ಕನ್ನಡ ಪತ್ರಿಕೆಗಳಲ್ಲಿ ಕುಸುಮ ರೋಗ ಎನ್ನುತ್ತಾರೆ. ರಕ್ತ ಹೆಪ್ಪುಗಟ್ಟುವುದಿಲ್ಲ. ನೋಡಿ, ಇಲ್ಲೂ ನಮ್ಮ ಭಾಷೆ ಅದೇ ಹೆಪ್ಪಿಗೇ ಬಂತು! ಮೊಣಕಾಲೊಳಗೆ ತಾನಾಗಿ ರಕ್ತ ಸೋರಿ ಊದಿಕೊಳ್ಳುತ್ತದೆ, ಶಾಲೆಗೆ ಹೋಗುವ ಹುಡುಗ ಹಾಸಿಗೆ ಹಿಡಿಯುತ್ತಾನೆ. ಹೆಚ್ಚಿನವರಿಗೆ ಫ್ಯಾಕ್ಟರ್ 8 ಎಂಬ ಪ್ರೊಟೀನಿನ ಇಂಜೆಕ್ಷನ್ನು ಜೀವನಪರ್ಯಂತ ಬೇಕು. ಡಾಕ್ಟರ್ ಅಲೋಕ್ ಶ್ರೀವಾಸ್ತವ ಅವರ ವೆಲ್ಲೂರು ತಂಡ ರೋಗಿಯ ರಕ್ತದ ಹೆಪ್ಪುಕೋಶಗಳನ್ನೇ ಹೊರತೆಗೆದು, ಅವಕ್ಕೆ ಫ್ಯಾಕ್ಟರ್ 8 ತಯಾರಿಸುವ ಜೀನ್ ಸೇರಿಸಿ, ಮೈಯೊಳಗೆ ವಾಪಸು ಹಾಕಿತು. 2024ರ ಡಿಸೆಂಬರಿನಲ್ಲಿ ಫಲಿತಾಂಶ ಪ್ರಕಟವಾಯಿತು. ರೋಗಿಗಳು ಐವರು. ಐವರನ್ನೂ ನೋಡಿಕೊಂಡ ತಿಂಗಳುಗಳನ್ನು ಕೂಡಿದರೆ 81. ಆ 81 ತಿಂಗಳಲ್ಲಿ ರಕ್ತಸ್ರಾವ ಸೊನ್ನೆ.

ಐವರು ಎನ್ನುವುದು ಚಿಕ್ಕ ಸಂಖ್ಯೆ. ಕೋಶ ವಾಪಸು ಹಾಕುವ ಮುಂಚೆ ಕ್ಯಾನ್ಸರ್ ಔಷಧಗಳನ್ನು ಕೊಟ್ಟು ಮಜ್ಜೆಯಲ್ಲಿ ಜಾಗ ಮಾಡಬೇಕು. ಅದು ಸುಲಭದ ಮಾತಲ್ಲ. ಗುಣವಾಯಿತು ಎಂದು ನಾನು ಇಲ್ಲಿಂದ ಡಂಗುರ ಹೊಡೆಯುವುದಿಲ್ಲ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಬೇರೊಂದು ಬಗೆಯ ಜೀನ್ ಚಿಕಿತ್ಸೆಯ ಪಟ್ಟಿ ಬೆಲೆ ಆಗ 29 ಲಕ್ಷ ಡಾಲರ್ ಇತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ, ವೆಲ್ಲೂರಿನ ಐವರ ತೂಕ ತಿಳಿಯುತ್ತದೆ.

ಬೆಂಗಳೂರಿನ ಇನ್‌ಸ್ಟೆಮ್‌ನವರು ಮಾಡಿದ ಇನ್ನೊಂದು ಕೆಲಸ ನಮ್ಮ ರೈತರಿಗೆ ತಿಳಿಯಲಿ. ಸ್ಟೆಮ್ ಸೆಲ್ ಸಂಸ್ಥೆಯಲ್ಲಿ ಕೂತು ಅವರು ಒಂದು ಬಟ್ಟೆ ತಯಾರಿಸಿದ್ದಾರೆ. ಔಷಧಿ ಹೊಡೆಯುವಾಗ ಮೈಮೇಲೆ ಬಿದ್ದ ಕೀಟನಾಶಕವನ್ನು ಬಟ್ಟೆಯೇ ಒಡೆದು ನಿಷ್ಪ್ರಯೋಜಕ ಮಾಡುತ್ತದೆ. ಪ್ರವೀಣ್ ವೇಮುಲಾ ಅವರ ತಂಡದ್ದು. 2024ರ ಕೊನೆಗೆ ಕಿಸಾನ್ ಕವಚ್ ಎಂದು ಹೊರಗೆ ಬಂತು, ಆಗ ಬೆಲೆ ಸುಮಾರು 4 ಸಾವಿರ ರೂಪಾಯಿ. ಸ್ಟೆಮ್ ಸೆಲ್‌ಗೂ ಇದಕ್ಕೂ ಏನು ಸಂಬಂಧ ಎಂದು ಲೆಕ್ಕಪರಿಶೋಧಕರು ಕೇಳಬಹುದು. ಕೇಳಲಿ, ಅದು ಅವರ ಕೆಲಸ.

ಇಷ್ಟು ಹೊತ್ತು ಹೇಳಿದ್ದೆಲ್ಲ ಲೆಕ್ಕ ಇಟ್ಟವರ ಕಥೆ. ಲೆಕ್ಕ ಇಡದವರೂ ಇದ್ದಾರೆ. ಬೆನ್ನುಹುರಿ ಪೆಟ್ಟು, ಸೆರಿಬ್ರಲ್ ಪಾಲ್ಸಿ, ಆಟಿಸಂ, ಮೊಣಕಾಲು ನೋವು, ತಲೆಕೂದಲು, ಎಲ್ಲಕ್ಕೂ ಸ್ಟೆಮ್ ಸೆಲ್ ಎಂದು ಬೋರ್ಡು ಹಾಕಿಕೊಂಡವರು. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2007ರಲ್ಲಿ ಮಾರ್ಗಸೂಚಿ ತಂದವು. ಅದರ ಹೆಸರಿನಲ್ಲಿ ಸಂಶೋಧನೆಯ ಜೊತೆ ಚಿಕಿತ್ಸೆ ಎಂಬ ಮಾತೂ ಇತ್ತು. 2013ರಲ್ಲಿ ತಿದ್ದುವಾಗ ಚಿಕಿತ್ಸೆ ಎಂಬ ಮಾತನ್ನು ಬೇಕೆಂದೇ ಕಿತ್ತುಹಾಕಿದರು. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಸಾಬೀತಾದ ಕೆಲವನ್ನು ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗ. ಪ್ರಯೋಗಕ್ಕೆ ಒಳಗಾಗುವವರಿಂದ ಹಣ ಕೀಳುವಂತಿಲ್ಲ. ಆಟಿಸಂಗೆ ಇದನ್ನು ಕೊಡುವುದು ವೃತ್ತಿ ದುರ್ನಡತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಹೇಳಿತು.

ಹೊಕ್ಕುಳಬಳ್ಳಿಯ ರಕ್ತ ಕಾದಿಡುವ ಬ್ಯಾಂಕುಗಳ ವಿಚಾರ ಬಸುರಿಯರ ಮನೆಯವರು ಕೇಳುತ್ತಿರುತ್ತಾರೆ. ಮಗುವಿಗೆ ಮುಂದೆ ಬೇಕಾದೀತು ಎಂದು ಬ್ಯಾಂಕಿನವರು ಹತ್ತಾರು ಸಾವಿರ ಕಟ್ಟಿಸಿಕೊಳ್ಳುತ್ತಾರೆ. ಥಲಸ್ಸೀಮಿಯಾ ಇರುವ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲೂ ಅದೇ ಕೆಟ್ಟ ಜೀನ್ ಇರುತ್ತದಲ್ಲ? ಹುಳಿಯಾದ ಹೆಪ್ಪನ್ನೇ ಫ್ರಿಜ್ಜಿನಲ್ಲಿಟ್ಟು ಬಾಡಿಗೆ ಕಟ್ಟಿದ ಹಾಗೆ. ಸ್ವಂತಕ್ಕೆಂದು ಹೀಗೆ ಕಾದಿಡಲು ವೈಜ್ಞಾನಿಕ ಆಧಾರವಿಲ್ಲ ಎಂದು ಮಂಡಳಿಯೂ ಹೇಳಿದೆ.

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ಅವನ ಮಗನಿಗೆ ಐದು ವರ್ಷ, ಇನ್ನೂ ಮಾತು ಬಂದಿಲ್ಲ. “ಸಾರ್, ಒಂದು ಕಡೆ ಸ್ಟೆಮ್ ಸೆಲ್ ಕೊಡ್ತಾರಂತೆ, ನಾಲ್ಕು ಸಲ ಹೋಗಬೇಕಂತೆ. ಹೆಂಡ್ತಿ ಬಳೆ ಮಾರೋಣ ಅಂತಿದ್ದಾಳೆ. ಏನು ಮಾಡಲಿ?” ಅವನಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಬಳೆ ಬಿಚ್ಚಿಸುತ್ತಿದ್ದೆನೇನೋ. “ಒಂದೇ ಪ್ರಶ್ನೆ ಕೇಳಪ್ಪಾ” ಅಂದೆ. “ಹಿಂದೆ ಬಂದ ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಏನೂ ಪ್ರಯೋಜನ ಆಗಲಿಲ್ಲ ಅಂತ ಕೇಳು. ಬರೆದು ಕೊಡಿ ಅನ್ನು.”

ವಾರದ ನಂತರ ಮನೆಗೇ ಬಂದ, ಮಗನನ್ನೂ ಕರೆದುಕೊಂಡು. ಹುಡುಗ ನಮ್ಮ ಅಂಗಳದಲ್ಲಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಾ ಕೂತ. ಅಪ್ಪ ಚೀಲದಿಂದ ಹೊಳೆಯುವ ಕಾಗದದ ಒಂದು ಪುಸ್ತಿಕೆ ತೆಗೆದು ಕೊಟ್ಟ. “ಕೇಳಿದೆ ಸಾರ್. ಎಲ್ಲಾ ಇದರಲ್ಲೇ ಇದೆ ಅಂದ್ರು.” ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿದೆ. ನಗುವ ಮಕ್ಕಳ ಚಿತ್ರಗಳಿದ್ದವು. ಕೊನೆಯ ಪುಟದಲ್ಲಿ ಒಂದು ಕೋಷ್ಟಕವೂ ಇತ್ತು, ಸಂಖ್ಯೆಗಳಿದ್ದವು: ಆರು ತಿಂಗಳಾದರೆ ಇಷ್ಟು, ಹನ್ನೆರಡು ತಿಂಗಳಾದರೆ ಇಷ್ಟು. ಎಲ್ಲವೂ ಕಂತಿನ ಲೆಕ್ಕ.